ಕೀಲಿ ಹಾಕಿದ ನೀರು

ಊರು ಮುಗಿದು ಹೊಲ ಶುರುವಾಗುವಲ್ಲಿ ಒಂದು ಮದ್ರಸಾ. ಮಣ್ಣಿನ ಗೋಡೆ, ಒಂದು ಬೇವಿನ ಗಿಡ, ಪಕ್ಕಕ್ಕೊಂದು ಬಾವಿ. ಅಲ್ಲಿ ಮಕ್ತುಮ ಉಸ್ತಾದರು ಕಲಿಸುತ್ತಿದ್ದರು.

ಶಿಷ್ಯರಲ್ಲಿ ಎಲ್ಲರಿಗಿಂತ ದೊಡ್ಡವನು ದಾವಲಸಾಬ. ವಯಸ್ಸು ನಲವತ್ತು ದಾಟಿತ್ತು. ಮೊದಲ ದಿನ ಅಲಿಫ್ ಎಂಬ ಮೊದಲ ಅಕ್ಷರ ತಿದ್ದಲು ಕೂತಾಗ ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ತಲೆ ಎತ್ತಲಿಲ್ಲ. ತಿದ್ದಿದ.

ಅವನ ಹೆಂಡತಿ ರಾಜಬಿ ಹೆರಿಗೆಯಲ್ಲಿ ಹೋಗಿದ್ದಳು. ಕೂಸೂ ಉಳಿಯಲಿಲ್ಲ.

"ನಮ್ಮ ತವರೂರಾಗ ಮಕ್ಕಳಿಗೆ ನಾಕಕ್ಷರ ಹೇಳವರಿಲ್ಲ" ಎಂದು ಅವಳು ಆಗಾಗ ಅನ್ನುತ್ತಿದ್ದಳು. ಅಂದಾಗ ಅವನಿಗೆ ಕೇಳಿಸಿರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಕೇಳಿಸಿತು.

ಓದಬೇಕು. ಉಸ್ತಾದರ ಇಜಾಜತ್ ಪಡೆಯಬೇಕು. ಇಜಾಜತ್ ಅಂದರೆ ಕಲಿಸಲು ಗುರು ಕೊಡುವ ಅಪ್ಪಣೆ. ಪಡೆದು ರಾಜಬಿಯ ತವರೂರಿಗೆ ಹೋಗಬೇಕು, ಅಲ್ಲಿನ ಮಕ್ಕಳನ್ನು ಕೂರಿಸಿಕೊಳ್ಳಬೇಕು. ಬದುಕಿರಲು ಅವನಿಗೆ ಬೇರೆ ಕಾರಣ ಉಳಿದಿರಲಿಲ್ಲ.

ಆರು ವರ್ಷ ಹೀಗೇ ಹೋಯಿತು.

ಒಂದು ದಿನ ಉಸ್ತಾದರು ಹೆಗಲಿಗೆ ಚೀಲ ಹಾಕಿಕೊಂಡರು.

"ಏಳು ದಿನ ನಾ ಇರಂಗಿಲ್ಲ ದಾವಲಾ. ಮದ್ರಸಾ ನಿನ್ನ ಕೈಯಾಗ. ಶುದ್ಧ, ಪಾಕ ಇಡು. ಬಂದಮ್ಯಾಲೆ ನಿನ್ನ ಇಜಾಜತ್ ಮಾತಾಡೂಣು."

ದಾವಲಸಾಬ ಚಾಪೆ ಝಾಡಿಸಿದ. ಅಂಗಳ ಸಾರಿಸಿದ. ಹುಡುಗರ ಉಗುರು ಕತ್ತರಿಸಿದ. ಒಂದು ಕಡ್ಡಿ ಹೆಚ್ಚು ಕಡಿಮೆಯಾಗಬಾರದು, ಅಷ್ಟೇ ಅವನ ತಲೆಯಲ್ಲಿ.

ಆರನೇ ದಿನ ಬೆಳಿಗ್ಗೆ ಕುಂಬಾರ ಓಣಿಯ ತಿಪ್ಪವ್ವ ಬಂದಳು. ಜೊತೆಗೆ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ನೀಲವ್ವ. ತಲೆಗೆ ಬಟ್ಟೆ ಕಟ್ಟಿದ ಹಸಿ ಬಾಣಂತಿ, ತೋಳಲ್ಲಿ ಕೂಸು.

ಬಾಣಂತಿ ಮೊದಲ ಸಲ ಹೊರಗೆ ಬಂದಾಗ ಬಾವಿಗೆ ಪೂಜೆ ಮಾಡಿ, ತಾನೇ ನೀರು ಸೇದಿ, ಕೊಡ ಹೊತ್ತು ಮನೆಗೆ ಹೋಗಬೇಕು. ಆ ಓಣಿಯವರ ಪದ್ಧತಿ. ಅವರ ಹಿರಿಯರೆಲ್ಲ ಇದೇ ಬಾವಿಗೆ ಬಂದವರು.

"ಏನೋ ದಾವಲಣ್ಣಾ, ಗುರುಗಳು ಅತ್ತ ಹೋಗೂದ್ರಾಗ ನೀನ ದೊಡ್ಡ ಮೌಲವಿ ಆದ್ಯಲ್ಲ!" ಎಂದು ನಗುತ್ತ ತಿಪ್ಪವ್ವ ಕಲ್ಲಿಗೆ ಅರಿಷಿಣ ಹಚ್ಚಿದಳು. ಕುಂಕುಮ ಇಟ್ಟಳು. ಹಿಡಿ ಹೂವು ನೀರಿಗೆ ಬಿಟ್ಟಳು.

ದಾವಲಸಾಬ ನೋಡಿದ. ಬಟ್ಟೆಯೊಳಗಿಂದ ಕೂಸಿನ ಮುಷ್ಟಿ ಹೊರಗೆ ಬಂದಿತ್ತು.

ಎದೆಯಲ್ಲಿ ಏನೋ ಎದ್ದಿತು. ಬಾಯಿಗೆ ಬಂದದ್ದು ಬೇರೆ.

"ಇದು ನಮಾಜಿನ ನೀರು. ಹೂವು ಅರಿಷಿಣ ಹಾಕಿ ಯಾಕ ಕೆಡಸ್ತೀರಿ? ಏಳ್ರಿ. ನಡೀರಿ ಹೊರಗ."

"ಹಿಂಗ್ಯಾಕೋ? ಇನ್ನಾ ನೀರು ಸೇದಿಲ್ಲ ಆಕಿ."

"ನಡೀರಿ ಅಂದೆ."

ತಿಪ್ಪವ್ವ ಖಾಲಿ ಕೊಡ ಎತ್ತಿಕೊಂಡಳು. ನೀಲವ್ವ ಕೂಸಿನ ಮುಷ್ಟಿ ಬಟ್ಟೆಯೊಳಗೆ ಸೇರಿಸಿದಳು. ಇಬ್ಬರೂ ಹೋದರು.

ಬಾವಿಯ ಸುತ್ತ ಎದೆಯೆತ್ತರದ ಗೋಡೆ. ಆ ಗೋಡೆಯ ಬಾಗಿಲಿಗೆ ದಾವಲಸಾಬ ಕೀಲಿ ಜಡಿದ.

ಮಾರನೇ ದಿನ ಹೊತ್ತು ಇಳಿಯುವಾಗ ಉಸ್ತಾದರು ಬಂದರು. ಮೈತುಂಬ ದಾರಿಯ ಧೂಳು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು ಬಾವಿಯ ಕಡೆ ನಡೆದರು. ಕೀಲಿ ನೋಡಿದರು. ಹುಡುಗರ ಮುಖ ನೋಡಿದರು.

ಅಲ್ಲೇ ಕೂತರು. ಎರಡೂ ಅಂಗೈ ಒಣ ಮಣ್ಣಿಗೆ ಬಡಿದರು. ಮುಖಕ್ಕೆ ಸವರಿಕೊಂಡರು. ಕೈಗಳಿಗೆ ಸವರಿಕೊಂಡರು.

ಅದು ತಯಮ್ಮುಮ್. ನೀರೇ ಸಿಗದ ಕಡೆ ಮಣ್ಣಿನಿಂದ ಮಾಡಿಕೊಳ್ಳುವ ಶುದ್ಧಿ.

ದಾವಲಸಾಬ ಓಡಿ ಬಂದ. "ಉಸ್ತಾದರ, ಬಾವಿ ತುಂಬ ನೀರೈತಿ. ನೀರಿದ್ದಲ್ಲಿ ತಯಮ್ಮುಮ್ ಆಗಂಗಿಲ್ರಿ. ಪಾಠದಾಗ ಐತಿ."

"ಕೀಲಿ ಹಾಕೇತಲ್ಲ?"

"ಕೀಲಿಕೈ ನನ್ನ ಕಡೆ ಐತ್ರಿ. ತಗೋರಿ."

"ತಿಪ್ಪವ್ವಗೂ ಕೊಡ್ತಿಯೇನು?"

ದಾವಲಸಾಬ ಚಾಚಿದ ಕೈ ಹಿಂದಕ್ಕೆ ತೆಗೆದ. ಸುದ್ದಿ ಉಸ್ತಾದರಿಗೆ ದಾರಿಯಲ್ಲೇ ಮುಟ್ಟಿತ್ತು.

"ಆ ಬಾವಿ ತೋಡಿದಾಂವ ತಿಪ್ಪವ್ವನ ಮಾವ" ಎಂದರು ಉಸ್ತಾದರು. "ಆಡು ಬೀಳಬಾರದಂತ ನಾವು ಸುತ್ತ ಗೋಡಿ ಕಟ್ಟಿದ್ವಿ, ಅಷ್ಟ. ಕಸಗೊಂಡ ನೀರಿಂದ ನಮಾಜಿಗೆ ಕೈ ತೊಳೀಬಾರದು. ಅದೂ ಪಾಠದಾಗ ಐತಿ."

ನಮಾಜಿಗೆ ನಿಂತರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನು ಮಣ್ಣಿಗೆ ಕೈ ಬಡಿದ. ಆಮೇಲೆ ಎಲ್ಲರೂ.

ಮರುದಿನ ಬೆಳಿಗ್ಗೆ ಉಸ್ತಾದರು ಕೊಡ ಹೊತ್ತು ಹೊಳೆಗೆ ಹೊರಟರು. ಎರಡು ಮೈಲಿ. ಮುಂದೆ ಬಾವಿ ತಪ್ಪಿದ ಕುಂಬಾರ ಓಣಿಯ ಹೆಂಗಸರು, ಹಿಂದೆ ಎಪ್ಪತ್ತು ವರ್ಷದ ಮುದುಕ.

ವಾಪಸು ಬಂದಾಗ ಕಾಲು ನಡುಗುತ್ತಿತ್ತು. ದಾವಲಸಾಬ ಕೊಡಕ್ಕೆ ಕೈ ಹಾಕಿದ. ಉಸ್ತಾದರು ಬಿಡಲಿಲ್ಲ.

"ನಾ ಏನ್ ತಪ್ಪು ಮಾಡೇನ್ರಿ? ಮದ್ರಸಾ ಪಾಕ ಇಡು ಅಂದ್ರಿ. ಇಟ್ಟೆ."

"ಕೂಡು" ಎಂದರು ಉಸ್ತಾದರು. "ನೀರು ಯಾವಾಗ ಕೆಡತೈತಿ? ಪಾಠ ಹೇಳು."

"ಹೊಲಸು ಬಿದ್ದು ಬಣ್ಣ, ವಾಸನಿ, ರುಚಿ, ಮೂರರಾಗ ಒಂದು ಬದಲಾದ್ರ."

"ಹೂವು ಹೊಲಸೇನು?"

"ಅಲ್ರಿ."

"ಬಣ್ಣ ಬದಲಾಗಿತ್ತೇನು?"

"ಇಲ್ರಿ."

"ವಾಸನಿ? ರುಚಿ?"

"ಇಲ್ರಿ."

"ಹಂಗಾದ್ರ ನೀ ಕೀಲಿ ಹಾಕಿದ್ದು ಯಾವುದಕ್ಕ?"

ದಾವಲಸಾಬನಿಗೆ ಉತ್ತರ ಗೊತ್ತಿತ್ತು.

ಎದ್ದು ಹೋಗಿ ಕೀಲಿ ತೆಗೆದ. ಬಾಗಿಲು ಹಾರುಹೊಡೆದಿಟ್ಟು ಬಂದು ಗುರುವಿನ ಮುಂದೆ ನಿಂತ.

"ತಗದೆ ಉಸ್ತಾದರ. ಇಜಾಜತ್ ಕೊಡ್ತೀರೇನ್ರಿ?"

"ಬಾವಿ ಕಟ್ಟಿ ಹತ್ರ ಯಾರದಾರ?"

"ಯಾರೂ ಇಲ್ರಿ."

"ಹಂಗಾದ್ರ ಇನ್ನಾ ತಗದಿಲ್ಲ."

ದಾವಲಸಾಬ ಕುಂಬಾರ ಓಣಿಗೆ ಹೋದ.

ತಿಪ್ಪವ್ವ ಅಂಗಳದಲ್ಲಿ ಕೂತು ಹಸಿ ಗಡಿಗೆಯನ್ನು ಹಲಗೆಯಿಂದ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲೇ ನಿಂದ್ರಪಾ ಮೌಲವಿ. ನಮ್ಮ ಅಂಗಳದ ಮಣ್ಣು ಹತ್ತಿ ನೀ ಕೆಟ್ಟಿಗಿಟ್ಟೀ."

"ತಪ್ಪಾತು ತಿಪ್ಪವ್ವಾ. ಬರ್ರಿ."

"ಯಾಕ ಬರೂಣು? ಅಳಿಯ ಗಾಡಿ ತಂದು ಕಾಯಾಕಹತ್ತಾನ. ಪೂಜಿ ಅರ್ಧಕ್ಕ ಬಿಟ್ಟ ಬಾಣಂತೀನ ಹೆಂಗ ಕಳಸಲಿ? ನಿನ್ನ ಹೆಂಡ್ತೀನ ಹಿಂಗ ಬಾವಿ ಕಟ್ಟಿಯಿಂದ ಎಬ್ಬಿಸಿದ್ರ ಸುಮ್ಮನಿರತಿದ್ದೇನು ನೀ?"

ಅವನು ನೆಲ ನೋಡುತ್ತ ನಿಂತ.

"ಆಕಿ ಬಾವಿತನಕ ಬರಲಿಲ್ಲವ್ವಾ. ಕೂಸೂ ಬರಲಿಲ್ಲ. ನಿನ್ನ ಮಗಳು ಕೂಸು ಎತ್ಕೊಂಡು ಬಂದ್ಲಲ್ಲ, ನನಗ ನೋಡಾಕ ಆಗಲಿಲ್ಲ. ನೆವ ನೀರಿನ ಮ್ಯಾಲೆ ಹಾಕಿದೆ."

ಆರು ವರ್ಷದಲ್ಲಿ ಅದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ.

ಹಲಗೆಯ ಸದ್ದು ನಿಂತಿತು. ತಿಪ್ಪವ್ವ ಕೈಯ ಕೆಸರು ಸೀರೆಗೆ ಒರೆಸಿದಳು.

ಒಳಗಿಂದ ನೀಲವ್ವ ಬಂದಳು. ತಲೆಗೆ ಬಟ್ಟೆ ಬಿಗಿದುಕೊಂಡಿದ್ದಳು.

"ಅಣ್ಣಾ, ಬಿಸಲು ಏರತೈತಿ. ಕೂಸಿನ್ನ ಹಿಡಿ. ನಾ ಕೊಡ ತಗೋತೀನಿ."

ಅವನಿಗೆ ಹಿಡಿಯಲು ಬರುತ್ತಿರಲಿಲ್ಲ. ತಿಪ್ಪವ್ವ ಅವನ ಮೊಣಕೈ ಮಡಿಸಿ ಕೊಟ್ಟಳು. "ಕುತ್ತಿಗಿ ಕೆಳಗ ಕೈ ಇಡೋ. ಗಡಿಗಿ ಅಲ್ಲದು."

ಓಣಿಯುದ್ದಕ್ಕೂ ಅವನು ಕೂಸು ಹಿಡಿದು ನಡೆದ. ಕಲ್ಲು ನೋಡಿ ನೋಡಿ ಹೆಜ್ಜೆ ಇಟ್ಟ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಬಾವಿ ಕಲ್ಲಿಗೆ ಹೊಸ ಅರಿಷಿಣ ಬಿತ್ತು. ನೀರಿಗೆ ಹೂವು ಬಿತ್ತು. ನೀಲವ್ವ ನೀರು ಸೇದಿ, ತುಂಬಿದ ಕೊಡ ಸೊಂಟಕ್ಕೆ ಏರಿಸಿದಳು. ಉಸ್ತಾದರು ಬೇವಿನ ಬುಡದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪೂಜೆ ಮುಗಿಯುವ ತನಕ ಏಳಲಿಲ್ಲ.

ತಾಯಿ ಮಗಳು ಕೂಸು ಹೋದ ಮೇಲೆ ಎದ್ದು ಬಂದರು. ತಾವೇ ಒಂದು ತಂಬಿಗೆ ನೀರು ತೆಗೆದುಕೊಂಡರು. ಮೇಲೆ ತೇಲುತ್ತಿದ್ದ ಎಸಳನ್ನು ಬೆರಳಿನಿಂದ ಸರಿಸಿ ಕೈ ತೊಳೆದರು, ಮುಖ ತೊಳೆದರು, ಕಾಲು ತೊಳೆದರು. ತಂಬಿಗೆಯನ್ನು ದಾವಲಸಾಬನಿಗೆ ಕೊಟ್ಟರು.

ನಮಾಜು ಮುಗಿಯಿತು.

"ಹೆಂಡ್ತಿ ಊರು ಎಷ್ಟು ದೂರ?"

"ಎರಡು ದಿನದ ದಾರೀರಿ."

"ಹೋಗ್ತಿಯೇನು?"

"ಹೋಗ್ತೀನ್ರಿ."

ಉಸ್ತಾದರು ಅವನ ತಲೆಯ ಮೇಲೆ ಕೈ ಇಟ್ಟರು. ಕೈ ಇನ್ನೂ ಒದ್ದೆಯಿತ್ತು. "ಹೋಗು. ಕಲಿಸು."

ದಾವಲಸಾಬ ಅಂದೇ ಗಂಟು ಕಟ್ಟಿದ. ಹೊಸ್ತಿಲು ದಾಟಿದವನು ತಿರುಗಿ ನಿಂತ.

"ಉಸ್ತಾದರ, ಹುಡುಗರಿಗೆ ಮೊದಲು ಏನ್ ಕಲಸಲ್ರಿ?"

"ಹಗ್ಗ ಹೊಸೆಯೂದು" ಎಂದರು ಉಸ್ತಾದರು. "ಎಲ್ಲಾರೂ ಬರೂ ಬಾವಿಯಾಗ ಹಗ್ಗ ಲಗೂನ ಸವೀತೈತಿ."