ಬಸ್ಸು ಹತ್ತಿದ ಬಸವನಹುಳು

ತಡವಾಗಿ ಹೋದವನಿಗೆ ತೇಗು, ಬೇಗ ಹೋದವನಿಗೆ ಹಸಿವು. ಏನದು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಮ್ಮ ಮೇಷ್ಟ್ರಿಗೇ ಹೊಳೀಲಿಲ್ಲ.

ಒಂದು ಬಸವನಹುಳುವಿಗೆ ಪಕ್ಕದೂರಿನ ಇಲಿಯಮ್ಮನ ಮಗಳ ಮದುವೆಯಲ್ಲಿ ಹೋಳಿಗೆ ತಿನ್ನೋ ಆಸೆ. ಅದರ ಅಜ್ಜ ಇಂಥ ಮದುವೆಗಳಿಗೆ ತಿಂಗಳುಗಟ್ಟಲೆ ತೆವಳಿದ್ದ. ಅಪ್ಪ ಗಾಡಿಚಕ್ರಕ್ಕೆ ಅಂಟಿಕೊಂಡು ತಲೆ ತಿರುಗಿ ಇಳಿದಿದ್ದ. ಇಬ್ಬರೂ ಮುಟ್ಟಿದ್ದು ಸರಿಯಾಗಿ ಎಲೆ ಹಾಕೋ ಹೊತ್ತಿಗೆ. ಇದು ಮಾತ್ರ ಬಸ್ಸಿಗೆ ಅಂಟಿಕೊಂಡು ಬೆಳಗ್ಗೆ ಏಳಕ್ಕೇ ಚಪ್ಪರದಲ್ಲಿ ಹಾಜರ್!

"ಬಂದ್ಯಾ ಮಾರಾಯ? ಈ ಬೆಳ್ಳುಳ್ಳಿ ಸುಲಿ" ಎಂದು ಇಲಿಯಮ್ಮ ಮೊರ ಮುಂದಿಟ್ಟಳು.

"ನಾನು ನೆಂಟ, ಅಮ್ಮಾ!"

"ಎಲೆ ಹಾಕಿದ ಮೇಲೆ ಬಂದವರು ನೆಂಟರು. ಮೊದಲೇ ಬಂದವರು ಮನೆಯವರು. ಸುಲಿದು ಮುಗಿಸು, ಆಮೇಲೆ ಊಟ."

ಬಸ್ಸೇನೋ ಬೇಗ ಓಡಿತ್ತು, ಹುಳು ಮಾತ್ರ ಹುಳುವಾಗೇ ಇತ್ತು. ಅದು ಒಂದು ಎಸಳು ಸುಲಿಯುವಷ್ಟರಲ್ಲಿ ಮೂರು ಪಂಕ್ತಿ ಎದ್ದು ಕೈ ತೊಳೆದವು.

"ಹೋಳಿಗೆ ಉಳಿದಿದೆಯಾ?"

"ಮುಗೀತಪ್ಪಾ. ಮಗಳ ಸೀಮಂತಕ್ಕೆ ಬಾ. ನಡೆದುಕೊಂಡೇ ಬಾ!"

ಹುಳು ಸೀಮಂತಕ್ಕೆ ನಡೆದೇ ಹೋಗಿ ಎಂಟು ಹೋಳಿಗೆ ಬಾರಿಸಿತು. ಈ ಕೊನೆ ನಾನೇ ಕಟ್ಟಿದ್ದು. ಪಾಪದ್ದು ಇನ್ನೂ ಎರಡನೇ ಎಸಳಿನಲ್ಲೇ ಇದೆ ಅಂದ್ರೆ ನಿಮಗೆ ಬೇಜಾರಾಗುತ್ತೆ, ಅದಕ್ಕೆ.