ಉಸಿರಿಗೆ ಶರಣು

ಬನ್ನಿಕಟ್ಟೆ ಮಠದ ಪರಮಪೂಜ್ಯ ಶ್ರೀ ನಿರಂಜನ ಶಿವಯೋಗಿಗಳ ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವನು ನಮ್ಮೂರಿನ ಕಂಬಾರ ಮೌನೇಶ. ನಾವಿಬ್ಬರೂ ಊರಿನ ಕನ್ನಡ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಅಕ್ಷರ ಕಲಿತವರು. ಇದನ್ನು ಹೇಳುತ್ತ ಹೇಳುತ್ತ ಅವನ ಕುಲುಮೆ ಆರಿಹೋಗಿತ್ತು. ಆರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಜಗತ್ತಿಗೆಲ್ಲ ಉಸಿರಿನ ಬೇನೆ ಹಬ್ಬಿದ ವರ್ಷವದು. ತಾಲೂಕು ಆಸ್ಪತ್ರೆಯ ಗಂಡಸರ ವಾರ್ಡು ತುಂಬಿ, ಪಡಸಾಲೆಯಲ್ಲೂ ಮಂಚ ಹಾಕಿದ್ದರು. ಪ್ರತಿಯೊಬ್ಬರ ಮುಖಕ್ಕೂ ಆಕ್ಸಿಜನ್ ಮಾಸ್ಕು, ತಲೆಯ ಹತ್ತಿರ ನೀರಿನ ಬಾಟಲಿಯ ಗುಳುಗುಳು ಸದ್ದು. ಬೆಳಿಗ್ಗೆ ಮಾತಾಡಿಸಿದ ಮನುಷ್ಯನ ಮಂಚ ಸಂಜೆಗೆ ಬರಿದಾಗಿರುತ್ತಿತ್ತು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಸಿಸ್ಟರುಗಳ ಮುಖವೂ ಕಾಣದಂತೆ ಮೈತುಂಬ ಬಿಳಿಯ ಉಡುಪು. ಎದೆಯ ಮೇಲೆ ಬರೆದ ಹೆಸರು ನೋಡಿಯೇ ಇಂಥವರೆಂದು ತಿಳಿಯಬೇಕು.

ಮೌನೇಶನ ಎದೆ ಕುಲುಮೆಗೆ ಗಾಳಿಯೂದುವ ತಿದಿ ಹರಿದಂತಾಗಿತ್ತು. ಎಷ್ಟು ಎಳೆದರೂ ಗಾಳಿ ನಿಲ್ಲದು. ಬೋರಲು ಮಲಗಿದರೆ ಬೆನ್ನ ಕಡೆಯ ಶ್ವಾಸಕೋಶಕ್ಕೂ ಗಾಳಿ ಹೋದೀತು ಎಂದು ಡಾಕ್ಟರು ಹೇಳಿದ್ದರು. ಇಲ್ಲವಾದರೆ ಯಂತ್ರದಿಂದಲೇ ಉಸಿರು ಕೊಡಬೇಕು. ಆ ಯಂತ್ರವೋ ಒಂದೂ ಖಾಲಿ ಇರಲಿಲ್ಲ. ಸಿಸ್ಟರ್ ಕಮಲಾಕ್ಷಿ ಕೈಮುಗಿದು ಕೇಳಿಕೊಂಡರೂ ಅವನು ಒಪ್ಪಲಿಲ್ಲ.

“ಬೋರಲ ಬೀಳೂದು ಸ್ವಾಮಿಗೋಳ ಮುಂದ ಬೀಳೋರ ಕೆಲಸಾರೀ, ಅಕ್ಕಾರ. ನಾ ಕುಲುಮಿಗೆ ಬಿಟ್ರ ಯಾರಿಗೂ ಬಗ್ಗಿದಾಂವಲ್ಲ.”

“ಬಗ್ಗಬ್ಯಾಡ ಮಾರಾಯಾ, ಬರೇ ಹೊರಳಿ ಮಲಕೋ!”

ಗರ್ವ ಬಾಯಲ್ಲಿತ್ತು, ಒಳಗಿದ್ದದ್ದು ಹೆದರಿಕೆ. ಮುಖ ದಿಂಬಿಗೆ ಹತ್ತಿತೆಂದರೆ ಇದ್ದ ಉಸಿರೂ ಅಲ್ಲೇ ನಿಂತೀತೆಂಬ ಭಯ ಅವನಿಗೆ. ಅದೇ ಭಯದಲ್ಲಿ ಮಾಸ್ಕನ್ನೂ ಆಗಾಗ ಕಿತ್ತು ತೆಗೆಯುತ್ತಿದ್ದ.

ಅಂದು ಮಧ್ಯಾಹ್ನ, ನಾವೆಲ್ಲ ಅಜ್ಜನವರು ಎಂದು ಕರೆಯುವ ಶಿವಯೋಗಿಗಳನ್ನು ಅದೇ ವಾರ್ಡಿಗೆ ಕರೆತಂದರು. ಬೇನೆ ಬಿದ್ದ ಮನೆಗಳ ಬಾಗಿಲಿಗೆ ಗಂಜಿ ಒಯ್ದು ಒಯ್ದು ಅವರಿಗೂ ಅದು ತಗಲಿತ್ತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇವೆಂದು ಭಕ್ತರು ಕಾಲು ಹಿಡಿದರೂ, “ನಮ್ಮ ಮಂದಿ ಎಲ್ಲಿ ಮಲಗ್ಯಾರ, ಅಲ್ಲೇ ನನಗೊಂದು ಹಾಸಿಗಿ ಹಾಕ್ರಿ” ಎಂದಿದ್ದರಂತೆ. ಮೌನೇಶನ ಪಕ್ಕದ ಮಂಚ ಅವರಿಗೆ ಒದಗಿತು.

ಆಗ ನಡೆಯಬಾರದ್ದು ನಡೆಯಿತು. ಅಜ್ಜನವರ ಕಡೆಗೆ ಕಾಲು ಚಾಚಿ ಮಲಗುವುದುಂಟೇ? ಮಲಗಿದ್ದವರೆಲ್ಲ ತಡವರಿಸುತ್ತ ಎದ್ದು ಕಾಲು ಮಡಿಚಿ ಕುಳಿತರು. ಎದುರು ಮಂಚದ ಗುರುಪಾದಪ್ಪನವರೆಂಬ ವೃದ್ಧರು, “ಅಜ್ಜಾರ ಮುಂದ ಮಾರಿ ಮುಚಗೊಂಡು ಕೂಡೂದು ಚಂದಲ್ಲ” ಎನ್ನುತ್ತ ಮಾಸ್ಕನ್ನೇ ತೆಗೆದು ಕೈಮುಗಿದರು. ಅವರನ್ನು ನೋಡಿ ಉಳಿದವರೂ ತೆಗೆದರು. ಕ್ಷಣದಲ್ಲಿ ಕೆಮ್ಮು, ಏದುಸಿರು. ಬೆರಳಿಗೆ ಸಿಕ್ಕಿಸಿದ್ದ ಮೀಟರುಗಳು ಒಂದಾದ ಮೇಲೊಂದು ಕೂಗತೊಡಗಿದವು. ಕಮಲಾಕ್ಷಿ ಮಂಚದಿಂದ ಮಂಚಕ್ಕೆ ಓಡಿದರು.

ಮೌನೇಶ ನಕ್ಕ. ನಗುವಿನ ನಡುವೆಯೇ ಉಸಿರು ಕಟ್ಟಿತು. ಆದರೂ ಬಿಡಲಿಲ್ಲ. “ನೋಡ್ರೆಪಾ, ಸ್ವಾಮಿ ಬಂದ್ರು. ಬಂದ ಕೂಡ್ಲೇ... ಎಲ್ಲಾರ ಉಸಿರೂ... ಕಸಗೊಂಡ್ರು.”

ಗುರುಪಾದಪ್ಪನವರು ಕಣ್ಣು ಕೆಂಪಗೆ ಮಾಡಿದರು. ಅಜ್ಜನವರು ಮಾತ್ರ ಮೌನೇಶನನ್ನೇ ನೋಡುತ್ತ, “ಖರೇ ಹೇಳಿದಿ, ತಮ್ಮಾ” ಎಂದರು.

ಅವರಿಗೂ ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಮೆಲ್ಲಗೆ ಎದೆಯ ಮೇಲಿನ ವಸ್ತ್ರ ಬಿಚ್ಚಿ ಇಷ್ಟಲಿಂಗವನ್ನು ಎಡಗೈಗೆ ತೆಗೆದುಕೊಂಡರು. ಮಾಸ್ಕನ್ನು ಸರಿಯಾಗಿ ಬಿಗಿದುಕೊಂಡರು. ಮಂಚದ ಮೇಲೆ ಅಡ್ಡಡ್ಡವಾಗಿ ಹೊರಳಿ, ಮೌನೇಶನ ಕಡೆಗೆ ತಲೆಯಿಟ್ಟು ಎರಡೂ ಕೈ ಮುಂದೆ ಚಾಚಿ ಬೋರಲು ಮಲಗಿದರು. ಲಿಂಗ ಹಿಡಿದ ಆ ಕೈ ಅವನ ಹಾಸಿಗೆಯ ಅಂಚಿಗೆ ಬಂದು ನಿಂತಿತು.

“ನಿನ್ನೊಳಗ ಹಾದಿ ಹುಡುಕಾಕ್ಹತ್ತೇತಲ್ಲ, ಆ ಉಸಿರಿಗೆ ಶರಣು.”

ಮಠದ ಪೀಠ ಒಬ್ಬ ಕಂಬಾರನ ಮುಂದೆ ದೀರ್ಘದಂಡ ಹಾಕಿತ್ತು! ಗುರುಗಳು ಮಣಿದು ಬಿದ್ದಿರುವಾಗ ಭಕ್ತರು ತಲೆಯೆತ್ತಿ ಕೂಡುವುದೆಂತು? ಗುರುಪಾದಪ್ಪನವರು ಮೊದಲು ಹೊರಳಿದರು, ಆಮೇಲೆ ಅವರಾಚೆಯವರು, ಅವರಾಚೆಯವರು. ನೋಡನೋಡುತ್ತ ಇಡೀ ವಾರ್ಡು ಬೋರಲಾಯಿತು. ಕಮಲಾಕ್ಷಿ ಸದ್ದಿಲ್ಲದೆ ಒಬ್ಬೊಬ್ಬರಿಗೂ ಮಾಸ್ಕು ತೊಡಿಸಿ, ಎದೆಯಡಿಗೆ ದಿಂಬು ಸೇರಿಸುತ್ತ ಬಂದರು. ಮೀಟರುಗಳ ಕೂಗು ಒಂದೊಂದಾಗಿ ಅಡಗಿತು.

ಕುಳಿತವನು ಮೌನೇಶ ಒಬ್ಬನೇ.

“ಏಳ್ರಿ, ಅಜ್ಜಾರ,” ಎಂದ. ದನಿಯಲ್ಲಿ ಹಿಂದಿನ ಬಿಗಿ ಇರಲಿಲ್ಲ. “ನನ್ನಂಥಾವಗ... ಹಿಂಗ ಬೀಳಬಾರದ್ರಿ.”

“ನೀ ಮಲಗೂತನಕ ನಾ ಏಳಾಂವಲ್ಲ.”

ಮೌನೇಶ ಆ ಚಾಚಿದ ಕೈ ನೋಡಿದ. ಮುಪ್ಪಿನ ಕೈ, ಗಂಜಿಯ ಕೊಡ ಹೊತ್ತು ಅಂಗೈ ಜಡ್ಡುಗಟ್ಟಿದ ಕೈ, ಅದರ ನಡುವೆ ಕರಿಯ ಲಿಂಗ. ಹೆದರಿಕೆ ಹೋಯಿತೆಂದಲ್ಲ, ಹೆದರಿಕೆ ಇರುವಾಗಲೇ ಕಣ್ಣುಮುಚ್ಚಿ ಹೊರಳಿದ. ಎದೆ ಹಾಸಿಗೆಗೆ ತಾಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನಿನಾಳದಲ್ಲೆಲ್ಲೋ ಮುಚ್ಚಿದ ಕದ ತೆರೆದಂತಾಗಿ ತಣ್ಣಗೆ ಗಾಳಿ ಒಳಗಿಳಿಯಿತು. “ತಿದಿಯ ತೂತಿಗೆ ಯಾರೋ ಕೈ ಇಟ್ಟಂಗಾತು” ಎಂದು ಹೇಳಿ ನನ್ನ ಮುಂದೆ ಅವನು ಅತ್ತ.

ಆ ವಾರ್ಡಿನವರೆಲ್ಲ ಉಳಿದರೆಂದು ನಾನು ಬರೆಯಲಾರೆ. ಗುರುಪಾದಪ್ಪನವರು ಉಳಿಯಲಿಲ್ಲ. ಅಜ್ಜನವರು ಇದನ್ನು ಪವಾಡವೆನ್ನಲು ಯಾರಿಗೂ ಬಿಡಲಿಲ್ಲ. ಡಾಕ್ಟರ ಮಾತು, ಸಿಸ್ಟರುಗಳ ದುಡಿಮೆ ಎಂದೇ ಹೇಳುತ್ತಿದ್ದರು.

ಮನೆಗೆ ಹೋಗಲು ಅಪ್ಪಣೆಯಾದ ದಿನ ಮೌನೇಶ, ಇನ್ನೂ ಮಂಚದಲ್ಲೇ ಇದ್ದ ಅಜ್ಜನವರ ಪಾದ ಮುಟ್ಟಹೋದ. ಅವರು ಕಾಲು ಹಿಂದೆಳೆದುಕೊಂಡರು.

“ನನಗ್ಯಾಕೋ? ಹೊರಗ ಪಡಸಾಲಿ ನೋಡು.”

ಪಡಸಾಲೆಯಲ್ಲಿ ಹೊಸಬನೊಬ್ಬ ಮಾಸ್ಕು ಕೀಳುತ್ತ, ಬೋರಲು ಮಲಗಲಾರೆನೆಂದು ಕಮಲಾಕ್ಷಿಯವರ ಕೈ ದೂಡುತ್ತಿದ್ದ. ಮೌನೇಶ ಹೋಗಿ ಅವನ ಮಂಚದ ಮುಂದೆ ನಿಂತ. ಕುಲುಮೆಗೆ ಬಿಟ್ಟರೆ ಯಾರಿಗೂ ಬಗ್ಗದ ಆ ಕಂಬಾರ, ಫಿನಾಯಿಲ್ ವಾಸನೆಯ ಬರಿನೆಲದ ಮೇಲೆ ಎರಡೂ ಕೈ ಚಾಚಿ ದೀರ್ಘದಂಡ ಬಿದ್ದ.

“ಅಣ್ಣಾ, ನೀ ಮಲಗೂತನಕ ನಾ ಏಳಾಂವಲ್ಲ.”

ಆ ಬೇನೆ ಇಳಿಯುವವರೆಗೂ ಅವನು ಅಲ್ಲಿಯೇ ಸೇವೆಗಿದ್ದ.

ಓದಿದ ಶರಣರೇ, ನಿಮ್ಮ ಉಸಿರು ಸರಾಗವಾಗಿ ಆಡುತ್ತಿರುವಾಗಲೇ ಈ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸಿರಿ. ಹೆದರಿ ಕುಳಿತ ರೋಗಿಯೊಬ್ಬನ ಪಕ್ಕದಲ್ಲಿ ನಿಂತವರಿಗಂತೂ ತಪ್ಪದೇ ಹೇಳಿರಿ.