ಕೆಂದಿಯ ಕತ್ತು ಕೆಂದಿಯದೇ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದೆಂದರೆ, ಯಾವ ಕಡೆ ಹರಿಯಬೇಕೆಂದು ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಗಾಳಿಯೂ ಹಾಗೇ, ಯಾರಾದರೂ ಮಾತಿಗೆ ಸಿಕ್ಕರೆ ಅಲ್ಲೇ ನಿಂತುಬಿಡುತ್ತಿತ್ತು.

ಆ ಹೊಳೆಯ ದಡದ ಹುಲ್ಲುಬಯಲಿನಲ್ಲಿ ಕೆಂದಿ ಎಂಬ ಕುದುರೆ ಇದ್ದಳು. ಮೈಬಣ್ಣ ಕೆಂಪು, ಅದಕ್ಕೇ ಆ ಹೆಸರು. ಅವಳಿಗೆ ಒಂದು ಮರಿ. ನೆರಳಿನಲ್ಲಿ ನಿಲ್ಲು ಎಂದರೆ ಬಿಸಿಲಿಗೆ ಓಡುವ ಮರಿ.

ಕೆಂದಿಗೆ ಖುಷಿಯಾದಾಗ ನೋಡಬೇಕಿತ್ತು. ಮೊದಲು ಹಿಂಗಾಲುಗಳನ್ನು ಹೊಟ್ಟೆಯ ಅಡಿಗೆ ತಂದುಕೊಳ್ಳುತ್ತಿದ್ದಳು. ಆಗ ಬೆನ್ನು ಮೇಲೇಳುತ್ತಿತ್ತು. ಬೆನ್ನು ಎದ್ದ ಮೇಲೆ ಕತ್ತೂ ಎದ್ದು ಬಿಲ್ಲಿನ ಹಾಗೆ ಬಳುಕುತ್ತಿತ್ತು. ನೆತ್ತಿ ಎಲ್ಲಕ್ಕಿಂತ ಮೇಲೆ, ಮೂಗು ಒಂದಿಷ್ಟು ಮುಂದೆ, ಕಣ್ಣು ದಾರಿಯ ಮೇಲೆ. ಹಾಗೆ ಅವಳು ಹೆಜ್ಜೆ ಹಾಕಿದರೆ ಹೊಳೆ ಹರಿಯುವುದನ್ನು ಬಿಟ್ಟು ನೋಡುತ್ತಿತ್ತು.

ಆ ಬಯಲಿಗೆ ದ್ಯಾವಣ್ಣ ಎಂಬವನು ತನ್ನ ಜನರ ಜೊತೆ ಬಂದು ಹಟ್ಟಿ ಕಟ್ಟಿಕೊಂಡ. ಕೆಟ್ಟವನೇನಲ್ಲ. ಹೆಗಲ ಮೇಲಿನ ತುರಿಕೆ ಕುದುರೆಗೆ ತಾನೇ ಕೆರೆದುಕೊಳ್ಳಲು ಎಟುಕುವುದಿಲ್ಲ ಎಂದು ಮೊದಲು ಕಂಡುಕೊಂಡವನೇ ಅವನು. ಬಂದು ಕೆರೆದುಕೊಟ್ಟ. ಕೆಂದಿ ಕಣ್ಣು ಅರೆಮುಚ್ಚಿ, ಮೇಲ್ದುಟಿ ಉದ್ದ ಮಾಡಿಕೊಂಡು ನಿಂತಳು. ದಿನವೂ ಬಂದ, ದಿನವೂ ಕೆರೆದ. ಒಂದು ದಿನ, ಬೆನ್ನ ಮೇಲೆ ಕೂರಲೇ ಎಂದು ಕೇಳಿದ. ಕೂತುಕೋ ಎಂದಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಅವನನ್ನು ಹೊತ್ತು ಹೊಳೆಯ ಪಕ್ಕ ಹೋಗುವಾಗ ಕೆಂದಿಗೆ ಖುಷಿಯಾಯಿತು. ಹಿಂಗಾಲು ಒಳಗೆ ಬಂತು, ಬೆನ್ನು ಎದ್ದಿತು, ಕತ್ತು ಬಳುಕಿತು. ದ್ಯಾವಣ್ಣ ನೀರಿನಲ್ಲಿ ಆ ನೆರಳು ನೋಡಿದ. ನೋಡಿ ಏನೆಂದುಕೊಂಡ ಗೊತ್ತೇ? ಇವಳು ನನಗೆ ತಲೆಬಾಗುತ್ತಿದ್ದಾಳೆ ಎಂದುಕೊಂಡ. ಎಂಥ ಮಂಕು ನೋಡಿ, ಬಾಗುವುದು ಯಾವುದು ಏಳುವುದು ಯಾವುದು ಎಂದೇ ತಿಳಿಯಲಿಲ್ಲ.

ಓಡಿಹೋಗಿ ಹಟ್ಟಿಯವರಿಗೆಲ್ಲ ಸಾರಿದ. ಅವರು ನೋಡಲು ಬಂದರು. ಅವತ್ತು ಕೆಂದಿಗೆ ಖುಷಿಯೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಕತ್ತು ಮುಂದಕ್ಕೆ ಚಾಚಿಕೊಂಡು ಸುಮ್ಮನೆ ನಡೆದಳು. ಹಟ್ಟಿಯವರು ನಕ್ಕರು. ದ್ಯಾವಣ್ಣನ ಮುಖ ಸಪ್ಪಗಾಯಿತು.

ಮನೆಗೆ ಹೋಗಿ ಸೆಣಬಿನ ನಾರು ಹೊಸೆದು ಹಗ್ಗ ಮಾಡಿದ. ಹಗ್ಗವನ್ನು ಕೆಂದಿಯ ಬಾಯಿಗೆ ಹಾಕಿ, ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು, ಗದ್ದ ಎದೆಗೆ ತಾಗುವ ತನಕ ಎಳೆದ. ಕತ್ತು ನಡುವಿನಲ್ಲಿ ಮಡಚಿಕೊಂಡಿತು. ಬಾಗಿತು, ಬಾಗಿತು ಎಂದು ಹಟ್ಟಿಯವರು ಚಪ್ಪಾಳೆ ತಟ್ಟಿದರು. ಹಿಂದೆ ಬಂದು ನೋಡಿದವರು ಒಬ್ಬರೂ ಇಲ್ಲ. ಬೆನ್ನು ಕುಸಿದಿತ್ತು. ಹಿಂಗಾಲು ಎಳೆದುಕೊಂಡು ಬರುತ್ತಿತ್ತು. ಬಾಲ ಚಟಪಟ ಹೊಡೆದುಕೊಳ್ಳುತ್ತಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಗಾಳಿಗೆ ನೋಡಲಾಗಲಿಲ್ಲ. ಹಿಂದೆ ಒಂದು ಸಲ ತಿರುಗಿ ನೋಡು ಮಾರಾಯ ಎಂದು ದ್ಯಾವಣ್ಣನ ಕಿವಿಯಲ್ಲಿ ಹೇಳಿತು. ನಿನ್ನ ಕೆಲಸ ನೀನು ನೋಡಿಕೋ ಎಂದ.

ಕೆಂದಿಗೆ ಈಗ ಆಕಾಶ ಕಾಣದು, ದಾರಿ ಕಾಣದು. ತನ್ನ ಗೊರಸು ಮಾತ್ರ ಕಾಣುತ್ತಿತ್ತು. ಮರಿ ಕೆನೆದರೆ ಎಲ್ಲಿಂದ ಎಂದು ತಲೆಯೆತ್ತಿ ನೋಡುವಂತಿಲ್ಲ.

"ಹಗ್ಗ ಬಿಡು ದ್ಯಾವಣ್ಣ, ಕತ್ತು ನಂದು," ಎಂದಳು.

ಅಭ್ಯಾಸವಾಗಲಿ, ಆಮೇಲೆ ಬಿಡುತ್ತೇನೆ ಎಂದ. ಮಾರನೆಯ ದಿನವೂ ಕೇಳಿದಳು, ಹಗ್ಗ ಬಿಡು, ಕತ್ತು ನಂದು. ಮಾರನೆಯ ದಿನವೂ ಅದೇ ಉತ್ತರ.

ಹೀಗಿರುವಾಗ ಮೇಲಿನ ಬೆಟ್ಟದಲ್ಲಿ ಜೋರು ಮಳೆಯಾಯಿತು. ಮರಿ ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ಆಡುತ್ತಿತ್ತು. ನೀರು ಏರತೊಡಗಿತು. ಹೊಳೆಗೆ ತನ್ನನ್ನು ತಾನೇ ಹಿಡಿದುಕೊಳ್ಳುವುದು ಇನ್ನೂ ಬರುತ್ತಿರಲಿಲ್ಲ ಪಾಪ.

"ಕೆಂದೀ, ನನ್ ಕೈಲಿ ನಿಲ್ಲೋಕಾಗ್ತಿಲ್ಲ. ಬೇಗ ಬಂದು ಮರೀನ ಕರ್ಕೊಂಡ್ ಹೋಗು," ಎಂದು ಹೊಳೆ ಕೂಗಿತು.

ಕೆಂದಿ ನೀರಿಗೆ ಇಳಿದಳು. ಬೆನ್ನ ಮೇಲೆ ದ್ಯಾವಣ್ಣ, ಅವನ ಕೈಯಲ್ಲಿ ಬಿಗಿಯಾದ ಹಗ್ಗ, ದಡದ ಮೇಲೆ ಹಟ್ಟಿಯ ಜನ. ಗದ್ದ ಎದೆಗೆ ಅಂಟಿದ್ದರಿಂದ ನೀರು ಎದೆಗೆ ಬರುವಷ್ಟರಲ್ಲೇ ಮೂಗಿಗೂ ಬಂತು. ಕೆಮ್ಮಿದಳು. ಮರಿ ಕೆನೆಯುವುದು ಕೇಳಿಸುತ್ತಿತ್ತು, ಎಲ್ಲಿದೆ ಎಂದು ಕಾಣುತ್ತಿರಲಿಲ್ಲ.

"ಬಿಡು ದ್ಯಾವಣ್ಣ."

ಬಿಡಬೇಕೆಂದು ಅವನಿಗೂ ಅನ್ನಿಸಿತು. ಆದರೆ ಹಟ್ಟಿಯವರು ನೋಡುತ್ತಿದ್ದರಲ್ಲ. ಈಗ ಬಿಟ್ಟರೆ ಇವಳು ಮತ್ತೆಂದೂ ಬಾಗುವುದಿಲ್ಲ ಎಂಬ ಭಯ ಹಿಡಿಯಿತು.

"ಬಿಟ್ರೆ ಆಮೇಲೂ ಬಾಗ್ತೀಯಾ? ಹೂಂ ಅನ್ನು, ಬಿಡ್ತೀನಿ," ಎಂದ.

ಹೂಂ ಎಂದುಬಿಡಬಹುದಿತ್ತು. ಯಾವ ತಾಯಿಯಾದರೂ ಎನ್ನುತ್ತಿದ್ದಳು, ಸುಳ್ಳೇ ಆಗಲಿ. ಆದರೆ ಕುದುರೆಗೆ ಸುಳ್ಳು ಬರುವುದಿಲ್ಲ, ಮಕ್ಕಳೇ. ಅದರ ಕಿವಿಯೇ ನಿಜ ಹೇಳಿಬಿಡುತ್ತದೆ.

"ಅನ್ನಲ್ಲ," ಎಂದಳು ಕೆಂದಿ.

ಹೇಳಿ, ಮೈಯಲ್ಲಿದ್ದ ಬಲವನ್ನೆಲ್ಲ ಕತ್ತಿಗೆ ತಂದು ತಲೆ ಕೊಡವಿದಳು. ಹಗ್ಗ ದ್ಯಾವಣ್ಣನ ಅಂಗೈ ಸುಲಿದುಕೊಂಡು ಜಾರಿಹೋಯಿತು. ಅವಳ ಬಾಯಿಯ ಅಂಚು ಹರಿದು ರಕ್ತ ಬಂತು. ಅವಳಿಗೆ ಅದರ ಪರಿವೆಯೇ ಇಲ್ಲ. ತಲೆ ಮೇಲೆತ್ತಿ ಮರಿಯನ್ನು ಕಂಡಳು, ಈಜಿದಳು. ದ್ಯಾವಣ್ಣನಿಗೆ ಹಿಡಿದುಕೊಳ್ಳಲು ಬೇರೆ ಏನೂ ಉಳಿದಿರಲಿಲ್ಲ. ಅವಳ ಕತ್ತಿನ ಕೂದಲನ್ನು ಹಿಡಿದುಕೊಂಡ.

ಹೊಳೆ ತನ್ನ ಕೈಲಾದಷ್ಟು ತಡೆದುಕೊಂಡಿತು. ಕೆಂದಿ ಮರಿಯನ್ನು ತನ್ನ ಪಕ್ಕೆಗೆ ಒತ್ತಿಕೊಂಡು, ನೀರಿನ ಸೆಳೆತಕ್ಕೆ ತಾನು ಅಡ್ಡವಾಗಿ, ಆಚೆಯ ದಡ ಮುಟ್ಟಿಸಿದಳು. ದಡ ಕಡಿದಾಗಿತ್ತು. ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದು ಒಂದೇ ನೆಗೆತಕ್ಕೆ ಹತ್ತಿದಳು. ಮೇಲೆ ನಿಂತು, ಉಸಿರಾಡುತ್ತಿರುವ ಮರಿಯನ್ನು ನೋಡಿದಾಗ ಅವಳಿಗೆ ಎಂಥ ಖುಷಿಯಾಯಿತೆಂದರೆ, ಬೆನ್ನು ತಾನಾಗಿ ಎದ್ದಿತು, ಕತ್ತು ತಾನಾಗಿ ಬಳುಕಿತು.

ದ್ಯಾವಣ್ಣ ಈ ಸಲ ನೀರಿನಲ್ಲಿ ನೆರಳು ನೋಡಲಿಲ್ಲ. ತಾನು ಕೂತ ಬೆನ್ನು ತನ್ನನ್ನು ಮೇಲೆತ್ತುವುದು ಅವನ ಮೈಗೇ ಗೊತ್ತಾಯಿತು. ಆ ಬಲ ಅವಳ ಹಿಂಗಾಲುಗಳಿಂದ ಬರುತ್ತಿತ್ತು. ಅವನ ಕೈಯಲ್ಲಿ ಹಗ್ಗವೇ ಇರಲಿಲ್ಲ.

ಬೆನ್ನಿನಿಂದ ಇಳಿದ. ಸುಲಿದ ಅಂಗೈ ನೋಡಿಕೊಂಡ. ಅವಳ ಹರಿದ ಬಾಯಿ ನೋಡಿದ. ನಾಚಿಕೆಯಾಯಿತು.

"ನಾನ್ ಎಳೆದಾಗ ಇದು ಬರ್ಲೇ ಇಲ್ವಲ್ಲ ಕೆಂದಿ," ಎಂದ.

"ನೀನ್ ಎಳೆದಿದ್ದು ಬರೀ ತಲೆ. ಅದನ್ನ ಯಾರ್ ಬೇಕಾದ್ರೂ ಬಗ್ಗಿಸ್ಬೋದು. ನನ್ನನ್ನ ಬಗ್ಗಿಸೋಕಾಗಲ್ಲ."

"ಹಂಗಾದ್ರೆ ನಾನೇನ್ ಮಾಡ್ಲಿ?"

"ಕೈ ಮೆತ್ತಗಿಟ್ಕೊಂಡು ಕೇಳು. ಮನಸ್ಸಾದ್ರೆ ಕತ್ತು ಕೊಡ್ತೀನಿ. ಇಲ್ಲ ಅಂದ್ರೆ ಇಲ್ಲ."

ದ್ಯಾವಣ್ಣ ಅಂದಿನಿಂದ ಕೇಳಲು ಕಲಿತ. ಬೇಕಾದಷ್ಟು ಸಲ ಇಲ್ಲ ಎನ್ನಿಸಿಕೊಂಡ. ಕೆಲವು ಸಲ ಅವಳು ಕೊಟ್ಟಳು. ಕೊಟ್ಟಾಗ ಇಳಿದು ಅವಳ ಹೆಗಲು ಕೆರೆದುಕೊಡುತ್ತಿದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಟ್ಟಿಯವರು ಈಚೆಯ ದಡದಲ್ಲಿದ್ದರಲ್ಲ, ಆಚೆಯ ದಡದಲ್ಲಿ ಆದದ್ದು ಅವರಿಗೆ ಕಾಣಲಿಲ್ಲ. ಅವರ ತಲೆಯಲ್ಲಿ ಉಳಿದಿದ್ದು ಹಗ್ಗ ಮತ್ತು ಮಡಚಿದ ಕತ್ತು, ಅಷ್ಟೇ. ದ್ಯಾವಣ್ಣ ವಾಪಸು ಬರುವಷ್ಟರಲ್ಲಿ, ಬಯಲಿನ ಬೇರೆ ಕುದುರೆಗಳಿಗೆಂದು ಮನೆಮನೆಯ ಮುಂದೆ ನಾರು ಹೊಸೆಯುತ್ತಿದ್ದರು. ಗಂಟಲು ಒಣಗುವ ತನಕ ಹೇಳಿದ. ಹೌದೌದು ಎಂದು ತಲೆಯಾಡಿಸುತ್ತಲೇ ಹೊಸೆದರು.

ಕೆಂದಿ ಅದನ್ನು ನೋಡಿದಳು. ನೋಡಿ ಮರಿಯನ್ನು ಬಯಲಿಗೆ ಕರೆದುಕೊಂಡು ಹೋದಳು. ಯಾವ ಹುಲ್ಲು ತಿನ್ನಬೇಕು, ಎಲ್ಲಿ ನೀರು ಕುಡಿಯಬೇಕು ಎಂಬುದಕ್ಕಿಂತ ಮೊದಲು ತಲೆ ಕೊಡವುವುದನ್ನು ಕಲಿಸಿದಳು. ನನ್ನನ್ನು ಯಾರೂ ಎಳೆಯುತ್ತಿಲ್ಲವಲ್ಲ ಎಂದು ಮರಿ ಕೇಳಿತು. ಎಳೆಯುವವರು ಬರುತ್ತಾರೆ, ಅಷ್ಟರಲ್ಲಿ ಕಲಿತಿರು ಎಂದಳು. ಆ ಮರಿ ತನ್ನ ಮರಿಗೆ ಕಲಿಸಿತು, ಅದು ಅದರ ಮರಿಗೆ.

ಅದಕ್ಕೇ ಮಕ್ಕಳೇ, ಇವತ್ತಿಗೂ ಲಗಾಮು ಬಿಗಿಯಾದ ಕೂಡಲೇ ಕುದುರೆ ತಲೆ ಕೊಡವುತ್ತದೆ. ಮೊನ್ನೆ ಮೊನ್ನೆ ಹುಟ್ಟಿದ, ಹಗ್ಗವನ್ನೇ ಕಾಣದ ಮರಿ ಕೂಡ ಬಯಲಿನಲ್ಲಿ ಒಂದೇ ನಿಂತು, ಇನ್ನೂ ಬಾರದ ಯಾರಿಗೋ "ಕೊಡಲ್ಲ" ಎನ್ನುವ ಹಾಗೆ ತಲೆ ಕೊಡವುತ್ತದೆ.